‘ಏನೂ ಕಾಣಲಿಲ್ಲ’ ಎಂಬ ಮಾತಿನ ಎರಡು ಅರ್ಥಗಳು

2024ನೆಯ ಇಸವಿಯ ಭಾರತ ಹುಣ್ಣಿಮೆಯಂದು ನಮ್ಮ ಊರಿನ ಜಾತ್ರೆಯಲ್ಲಿ ಒಂದು ಉಚಿತ ಆರೋಗ್ಯ ತಪಾಸಣಾ ಶಿಬಿರವು ಏರ್ಪಟ್ಟಿತ್ತು. ದಾಸೋಹದ ಪಡಸಾಲೆಯ ಒಂದು ಮಗ್ಗುಲಲ್ಲಿ ರಕ್ತದೊತ್ತಡ, ಇನ್ನೊಂದು ಮಗ್ಗುಲಲ್ಲಿ ರಕ್ತದ ಸಕ್ಕರೆ, ಮೂಲೆಯ ಕೋಣೆಯಲ್ಲಿ ಕಣ್ಣು. ಹದಿನಾಲ್ಕು ವರ್ಷಗಳಿಂದ ಮಧುಮೇಹವನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿರುವ ನಾವು ಮನೆಯವರ ಒತ್ತಾಯಕ್ಕೆ ಮಣಿದು ಸಾಲಿನಲ್ಲಿ ನಿಂತೆವು. ಒಬ್ಬ ತರುಣನು ನಮ್ಮ ಗದ್ದವನ್ನು ಯಂತ್ರದ ಪಟ್ಟಿಯ ಮೇಲಿರಿಸಿ, ಹಸಿರು ಚುಕ್ಕೆಯನ್ನೇ ನೋಡುತ್ತಿರಬೇಕೆಂದು ಹೇಳಿದನು. ಬೆಳಕು ಮಿಂಚಿತು. ಬಲಗಣ್ಣಿಗೆ ಒಂದು ಸಲ, ಎಡಗಣ್ಣಿಗೆ ನಾಲ್ಕು ಸಲ. ಕೊನೆಗೆ ಕೈಗೆ ಬಂದ ಚೀಟಿಯಲ್ಲಿ ಹೀಗೆ ಬರೆದಿತ್ತು: ಬಲಗಣ್ಣು, ಆರಂಭದ ಬದಲಾವಣೆಗಳ ಶಂಕೆ, ಎಡಗಣ್ಣು, ಚಿತ್ರ ಸ್ಪಷ್ಟವಿಲ್ಲ, ತಜ್ಞರನ್ನು ಕಾಣತಕ್ಕದ್ದು. ಹಾಗೆಂದರೇನಪ್ಪಾ ಎಂದು ಕೇಳಿದೆವು. ಹಿಂದೆ ಇನ್ನೂ ನೂರು ಜನ ನಿಂತಿದ್ದರು. ಆತನು ತಲೆಯೆತ್ತದೆ, “ಎಡಗಣ್ಣಾಗ ಏನೂ ಕಾಣ್ಲಿಲ್ರೀ ಅಜ್ಜಾರ” ಎಂದು ಹೇಳಿ ಮುಂದಿನವರನ್ನು ಕರೆದನು.

ನಮ್ಮ ಹಿಂದೆಯೇ ನಿಂತಿದ್ದವರು ನಮ್ಮ ಬಾಲ್ಯಮಿತ್ರರು, ಕಿರಾಣಿ ವ್ಯಾಪಾರದಿಂದ ನಿವೃತ್ತರಾದವರು. ಅವರದು ಇಪ್ಪತ್ತು ವರ್ಷಗಳ ಮಧುಮೇಹ. ಅವರ ಚೀಟಿಯಲ್ಲಿ ಎರಡೂ ಕಣ್ಣುಗಳ ಎದುರು ‘ಚಿತ್ರ ಸ್ಪಷ್ಟವಿಲ್ಲ’ ಎಂದೇ ಇತ್ತು. ಅವರಿಗೂ ಅದೇ ಉತ್ತರ ದೊರೆಯಿತು. “ಎರಡೂ ಕಣ್ಣಿನಲ್ಲಿ ಏನೂ ಕಾಣಲಿಲ್ಲವಂತೆ, ಶಿವನ ದಯೆ” ಎಂದು ಸಂತೋಷಪಟ್ಟು ಅವರು ಪ್ರಸಾದಕ್ಕೆ ನಡೆದರು.

ಕನ್ನಡದಲ್ಲಿ ‘ಕಾಣಲಿಲ್ಲ’ ಎಂಬ ಕ್ರಿಯಾಪದವು ಎರಡು ಕಡೆಗೂ ಬಾಗುತ್ತದೆ. ಚೆನ್ನಾಗಿ ಹುಡುಕಿ ನೋಡಿದೆ, ದೋಷವೇನೂ ಇಲ್ಲವೆಂಬುದು ಒಂದು ಅರ್ಥ. ನೋಡಲಿಕ್ಕೇ ಸಾಧ್ಯವಾಗಲಿಲ್ಲ, ಆದಕಾರಣ ದೋಷವುಂಟೋ ಇಲ್ಲವೋ ಹೇಳಲಾರೆನೆಂಬುದು ಇನ್ನೊಂದು. ಆ ತರುಣನು ಎರಡನೆಯ ಅರ್ಥದಲ್ಲಿ ಆಡಿದ ಮಾತನ್ನು ನಮ್ಮ ಮಿತ್ರರು ಮೊದಲನೆಯ ಅರ್ಥದಲ್ಲಿ ಸ್ವೀಕರಿಸಿದರು. ವ್ಯಾಕರಣವನ್ನೇ ಬೋಧಿಸಿ ಬದುಕಿದ ನಾವು ಮಾಡಿದ್ದಾದರೂ ಏನು? ಎರಡನ್ನೂ ಬಿಟ್ಟು ಮೂರನೆಯದೊಂದನ್ನು ಕಲ್ಪಿಸಿಕೊಂಡೆವು: ಎಡಗಣ್ಣಿನಲ್ಲಿ ಇನ್ನು ಏನೂ ಉಳಿದಿಲ್ಲ! ಆ ರಾತ್ರಿ ನಿದ್ರೆ ಬರಲಿಲ್ಲ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣಿನಿಂದ ಗೋಡೆಯ ಪಂಚಾಂಗವನ್ನು ಓದಿ ನೋಡಿದೆವು. ಅಕ್ಷರಗಳು ತುಸು ಮಂಜಾಗಿದ್ದರೂ ಕಾಣುತ್ತಿದ್ದವು. ಮರುದಿನವೂ ನೋಡಿದೆವು. ಹಳೆಯ ಓಲೆಗಳನ್ನು ಓದುವುದರಲ್ಲಿಯೇ ಆಯುಷ್ಯ ಕಳೆದವನಿಗೆ ಕಣ್ಣು ಹೋಗುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಟಿಯನ್ನು ಮಡಚಿ ಒಂದು ದಪ್ಪನೆಯ ನಿಘಂಟಿನ ನಡುವೆ ಇಟ್ಟೆವು. ಮನೆಯವರಿಗೆ ‘ಎಲ್ಲ ಸರಿಯಿದೆ’ ಎಂದೆವು. ಈ ಅಸತ್ಯವನ್ನು ಇಲ್ಲಿ ಒಪ್ಪಿಕೊಳ್ಳುವುದಕ್ಕೆ ನಮಗೆ ಸಂಕೋಚವಿಲ್ಲ. ನಮ್ಮ ವಯಸ್ಸಿನ ಗಂಡಸರಲ್ಲಿ ಹೀಗೆ ಮಾಡುವವರು ಬಹಳ ಮಂದಿಯಿದ್ದಾರೆ.

ಹನ್ನೊಂದು ವಾರಗಳು ಹೀಗೆಯೇ ಕಳೆದವು. ಬಸವ ಜಯಂತಿಯ ದಿನ ನಮ್ಮಲ್ಲಿ ಪಾಠಕ್ಕೆ ಬರುವ ವಿದ್ಯಾರ್ಥಿಯೊಬ್ಬನು ಶಬ್ದವೊಂದರ ಅರ್ಥಕ್ಕಾಗಿ ಆ ನಿಘಂಟನ್ನು ತೆಗೆದಾಗ ಚೀಟಿಯು ಕೆಳಗೆ ಬಿದ್ದಿತು. ಅವನು ಅದನ್ನು ಗಟ್ಟಿಯಾಗಿಯೇ ಓದಿದನು. ಒಳಗಿನಿಂದ ಮನೆಯವರು ಹೊರಬಂದರು. ಆಮೇಲಿನ ಸಂಭಾಷಣೆಯನ್ನು ಬರೆಯುವ ಅಗತ್ಯವಿಲ್ಲ. ಮೂರನೆಯ ದಿನ ನಾವು ಜಿಲ್ಲಾಕೇಂದ್ರದ ಕಣ್ಣಿನ ಆಸ್ಪತ್ರೆಯಲ್ಲಿದ್ದೆವು.

ಅಲ್ಲಿಯ ವೈದ್ಯೆಯು ನಮ್ಮ ಸೊಸೆಯ ವಯಸ್ಸಿನವರು. ಚೀಟಿಯನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, “ಕಣ್ಣಿಗೆ ಹನಿ ಹಾಕಿದ ಮೇಲೆ ಚಿತ್ರ ತೆಗೆದರೋ, ಹಾಕದೆಯೇ ತೆಗೆದರೋ?” ಎಂಬುದಾಗಿತ್ತು. ಹಾಕಿರಲಿಲ್ಲ. ಆಗ ಅವರು ತಿಳಿಸಿಕೊಟ್ಟ ವಿಷಯವನ್ನು, ಅನಂತರ ನಾವೇ ಓದಿ ತಿಳಿದದ್ದರೊಡನೆ ಸೇರಿಸಿ ಇಲ್ಲಿ ನಿವೇದಿಸುತ್ತೇವೆ.

ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪರದೆಯೇ ಅಕ್ಷಿಪಟಲ, ಅರ್ಥಾತ್ ರೆಟಿನಾ. ಹೊರಗಿನ ಬಿಂಬವು ಬೀಳುವುದು ಅದರ ಮೇಲೆ. ಅದಕ್ಕೆ ಆಹಾರ ಒದಗಿಸುವ ರಕ್ತನಾಳಗಳು ಕೂದಲೆಳೆಗಿಂತ ಸೂಕ್ಷ್ಮವಾದವು. ರಕ್ತದಲ್ಲಿ ಸಕ್ಕರೆಯ ಅಂಶವು ವರ್ಷಗಟ್ಟಲೆ ಹೆಚ್ಚಾಗಿದ್ದರೆ ಆ ನಾಳಗಳ ಗೋಡೆಯು ದುರ್ಬಲವಾಗಿ ಅಲ್ಲಲ್ಲಿ ಉಬ್ಬುತ್ತದೆ; ರಕ್ತ ಜಿನುಗುತ್ತದೆ; ನೀರು, ಕೊಬ್ಬು ಸೋರುತ್ತವೆ. ಕೆಲವು ನಾಳಗಳು ಮುಚ್ಚಿಹೋಗುತ್ತವೆ. ಉಸಿರು ಸಿಕ್ಕದ ಅಕ್ಷಿಪಟಲವು ಆಗ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವು ಹಸುಗೂಸಿನಂತೆ ಬಲಹೀನವಾದವು. ಒಡೆದರೆ ಕಣ್ಣಿನೊಳಗೆಲ್ಲ ರಕ್ತವೇ. ಅಕ್ಷಿಪಟಲದ ನಡುವಿನ ಮ್ಯಾಕ್ಯುಲಾ ಎಂಬ ಸಣ್ಣ ಭಾಗದಿಂದಲೇ ನಾವು ಅಕ್ಷರವನ್ನು ಓದುತ್ತೇವೆ, ಮುಖದ ಗುರುತು ಹಿಡಿಯುತ್ತೇವೆ. ಸೋರಿಕೆಯು ಅಲ್ಲಿಗೆ ತಲಪಿದರೆ ಓದು ಹೋಗುತ್ತದೆ.

ಇಷ್ಟೆಲ್ಲ ಒಳಗೆ ನಡೆಯುತ್ತಿದ್ದರೂ ಬಹುಕಾಲ ನೋಟದಲ್ಲಿ ಏನೂ ವ್ಯತ್ಯಾಸವಾಗದಿರಬಹುದು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಪಂಚಾಂಗವನ್ನು ಓದಿ ನಾವು ಮಾಡಿಕೊಂಡ ಪರೀಕ್ಷೆಗೆ ಬೆಲೆಯೇ ಇರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಅಕ್ಷರಗಳ ಹಲಗೆ ಓದಿ ಬಂದು ‘ಕಣ್ಣು ತೋರಿಸಿಕೊಂಡು ಬಂದೆ’ ಎನ್ನುವವರ ಪಾಡೂ ಅಷ್ಟೇ. ಅದು ನೋಟದ ಪರೀಕ್ಷೆಯೇ ಹೊರತು ಅಕ್ಷಿಪಟಲದ ಪರೀಕ್ಷೆಯಲ್ಲ.

ನಮ್ಮ ನಾಡಿನ ಜನರಿಗೆ ಕಣ್ಣಿನ ಕಾಯಿಲೆಯೆಂದರೆ ಪೊರೆ. ಅದಕ್ಕೆ ಕಾರಣವೂ ಇದೆ. ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರಗಳನ್ನು ಒಯ್ದು ಪೊರೆಯ ಶಸ್ತ್ರಚಿಕಿತ್ಸೆ ನಡೆಸಿ ಲಕ್ಷಾಂತರ ಮಂದಿಗೆ ಬೆಳಕು ಕೊಟ್ಟರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರನ್ನು ಅರಸಿ ಬಂದವು. 2005ರಲ್ಲಿ ಅವರು ಲಿಂಗೈಕ್ಯರಾದರು. ನಾವು ಮಠದ ವಿದ್ಯಾರ್ಥಿನಿಲಯದಲ್ಲಿದ್ದಾಗ ಅಂಥದೊಂದು ಶಿಬಿರದಲ್ಲಿ ನೀರು ಕೊಡುವ ಸೇವೆ ಮಾಡಿದ್ದುಂಟು. ಪಟ್ಟಿ ಬಿಚ್ಚಿದ ಕೂಡಲೆ ಮೊಮ್ಮಗನ ಮುಖವನ್ನು ಮುಟ್ಟಿ ಮುಟ್ಟಿ ನೋಡಿದ ಅಜ್ಜಿಯೊಬ್ಬಳ ನೆನಪು ಇಂದಿಗೂ ಹಸಿರಾಗಿದೆ. ಕಣ್ಣು ಪೂರ್ತಿ ಮಂಜಾಗಲಿ, ಆಮೇಲೆ ತೋರಿಸಿದರಾಯಿತು ಎಂಬ ತಿಳಿವಳಿಕೆಯು ನಮ್ಮಲ್ಲಿ ಬೇರೂರಿದ್ದು ಈ ಪೊರೆಯ ದೆಸೆಯಿಂದ. ಪೊರೆಯ ಮಟ್ಟಿಗೆ ಅದು ಹೇಗೋ ನಡೆಯುತ್ತದೆ. ಮಧುಮೇಹದಿಂದ ಕೆಟ್ಟ ಅಕ್ಷಿಪಟಲಕ್ಕೆ ನಡೆಯುವುದಿಲ್ಲ. ಲೇಸರ್, ಕಣ್ಣಿನೊಳಗೆ ಕೊಡುವ ಇಂಜೆಕ್ಷನ್, ಶಸ್ತ್ರಚಿಕಿತ್ಸೆ ಎಲ್ಲವೂ ಈಗ ಉಂಟು. ಆದರೆ ಅವು ಮುಖ್ಯವಾಗಿ ಇದ್ದ ದೃಷ್ಟಿಯನ್ನು ಉಳಿಸುವ ಉಪಾಯಗಳು. ಇಂಜೆಕ್ಷನ್ನಿನಿಂದ ಕೆಲವರಿಗೆ ನೋಟವು ಸುಧಾರಿಸುವುದುಂಟು. ಸತ್ತ ಭಾಗವಂತೂ ಮರಳಿ ಬದುಕುವುದಿಲ್ಲ.

ಇನ್ನು ‘ಚಿತ್ರ ಸ್ಪಷ್ಟವಿಲ್ಲ’ ಎಂಬುದರ ವಿಚಾರ. ಅಕ್ಷಿಪಟಲದ ಛಾಯಾಚಿತ್ರವನ್ನು ಪಾಪೆಯ ಕಿಂಡಿಯಿಂದಲೇ ತೆಗೆಯಬೇಕು. ವಯಸ್ಸಾದಂತೆ ಪಾಪೆಯು ಕಿರಿದಾಗುತ್ತದೆ; ಬಹುಕಾಲದ ಮಧುಮೇಹದಲ್ಲಿ ಅದು ಕತ್ತಲೆಯಲ್ಲಿಯೂ ಸರಿಯಾಗಿ ಅರಳುವುದಿಲ್ಲ. ನಡುವೆ ಪೊರೆ ಇದ್ದರೆ ಮಂಜು ಹಿಡಿದ ಗಾಜಿನ ಆಚೆಗೆ ನೋಡಿದಂತೆ. ರೆಪ್ಪೆ ಬಡಿದರೂ, ಕೋಣೆಯಲ್ಲಿ ಬೆಳಕು ಹೆಚ್ಚಿದ್ದರೂ ಚಿತ್ರ ಕೆಡುತ್ತದೆ. ಜಾತ್ರೆಯ ಆ ಕೋಣೆಗೆ ಬಾಗಿಲೇ ಇರಲಿಲ್ಲ, ಒಂದು ಪಂಚೆಯನ್ನು ಇಳಿಬಿಟ್ಟಿದ್ದರು.

ಪಾಪೆಯನ್ನು ಅರಳಿಸುವ ಹನಿಯಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದ ಒಂದು ಅಧ್ಯಯನವು ಸಾಕ್ಷಿಯಾಗಿದೆ. 2003ರಲ್ಲಿ ಪ್ರಕಟವಾದ ಅದರಲ್ಲಿ 3,611 ಮಂದಿ ಮಧುಮೇಹಿಗಳನ್ನು ಪರೀಕ್ಷಿಸಲಾಗಿತ್ತು. ಹನಿ ಹಾಕದೆ ತೆಗೆದಾಗ ನೂರಕ್ಕೆ 19.7 ಮಂದಿಯ ಚಿತ್ರಗಳು ಓದಲು ಬಾರದವು. ಹನಿ ಹಾಕಿ ತೆಗೆದಾಗ ನೂರಕ್ಕೆ 3.7 ಮಾತ್ರ. ಅಂದರೆ ಅಸ್ಪಷ್ಟವೆಂದು ಚೀಟಿ ಪಡೆದವರಲ್ಲಿ ಬಹುಪಾಲು ಜನರಿಗೆ ಬೇಕಾಗಿದ್ದದ್ದು ಒಂದೆರಡು ಹನಿ ಔಷಧ ಮತ್ತು ಅರ್ಧ ಗಂಟೆಯ ತಾಳ್ಮೆ. ಇದನ್ನು ಓದಿದಾಗ ನಮ್ಮ ಹನ್ನೊಂದು ವಾರಗಳ ನಿದ್ರೆಗೇಡನ್ನು ನೆನೆದು ನಗು ಬಂದಿತು. ಆದರೆ ಆ ನಗುವು ಪೂರ್ತಿ ನಗುವಲ್ಲ. ಓದಲಾಗದ ಚಿತ್ರದ ಹಿಂದೆ ನಿಜವಾದ ರೋಗವು ಅಡಗಿರುವುದೂ ಉಂಟು.

ಈಚಿನ ವರ್ಷಗಳಲ್ಲಿ ಚಿತ್ರಗಳನ್ನು ಓದುವ ಕೆಲಸಕ್ಕೆ ಕಂಪ್ಯೂಟರ್ ಬಂದಿದೆ. 2016ರಲ್ಲಿ ಗೂಗಲ್ ಸಂಸ್ಥೆಯವರು ಪ್ರಕಟಿಸಿದ ಇಂಥ ಒಂದು ವಿಧಾನಕ್ಕೆ ಪಾಠ ಕಲಿಸಿದ ಚಿತ್ರಗಳಲ್ಲಿ ಅಮೆರಿಕದವುಗಳ ಜೊತೆಗೆ ಮಧುರೆಯ ಅರವಿಂದ, ಚೆನ್ನೈಯ ಶಂಕರ ನೇತ್ರಾಲಯ ಹಾಗೂ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯಗಳ ಚಿತ್ರಗಳೂ ಇದ್ದವು. ಆದರೆ ಯಂತ್ರವನ್ನು ಥಾಯ್ಲೆಂಡಿನ ಗ್ರಾಮಾಂತರ ಚಿಕಿತ್ಸಾಲಯಗಳಿಗೆ ಒಯ್ದಾಗ ನಡೆದದ್ದು ಕೇಳತಕ್ಕದ್ದು. 2020ರಲ್ಲಿ ಪ್ರಕಟವಾದ ವರದಿಯಂತೆ, ಮೊದಲ ಆರು ತಿಂಗಳುಗಳಲ್ಲಿ ಯಂತ್ರಕ್ಕೆ ಕೊಟ್ಟ 1,838 ಚಿತ್ರಗಳಲ್ಲಿ ನೂರಕ್ಕೆ 21ನ್ನು ಅದು ಓದಲೊಲ್ಲೆನೆಂದಿತು. ಹಾಗೆ ಹಿಂದಿರುಗಿದವರು ಕೂಲಿ ಬಿಟ್ಟು ದೂರದ ಆಸ್ಪತ್ರೆಗೆ ಹೋಗಬೇಕಾಗಿತ್ತು. ದಾದಿಯರು ಅಸಮಾಧಾನಗೊಂಡರು, ರೋಗಿಗಳು ಬೇಸತ್ತರು. ಯಂತ್ರದ ತಪ್ಪೆಂದು ನಾವು ಹೇಳುವುದಿಲ್ಲ. ಕಾಣದ್ದನ್ನು ಕಾಣಲಿಲ್ಲವೆಂದು ಒಪ್ಪುವುದು ಒಳ್ಳೆಯ ಗುಣವೇ.

ನಮ್ಮ ಕಸುಬಿನಲ್ಲಿಯೂ ಇದಕ್ಕೊಂದು ಸಾದೃಶ್ಯವಿದೆ. ಓಲೆಗರಿಯಲ್ಲಿ ಹುಳು ತಿಂದ ಕಡೆ ಸಂಪಾದಕನಾದವನು ತನ್ನ ಊಹೆಯನ್ನು ತುಂಬುವುದಿಲ್ಲ; ಚುಕ್ಕೆಗಳನ್ನಿಟ್ಟು ‘ತ್ರುಟಿತ’ ಎಂದು ಗುರುತು ಮಾಡುತ್ತಾನೆ. ಅಲ್ಲಿ ಪದ್ಯವಿಲ್ಲವೆಂದಾಗಲಿ, ಪದ್ಯ ಕೆಟ್ಟದ್ದೆಂದಾಗಲಿ ಅದರ ಅರ್ಥವಲ್ಲ. ಬೇರೊಂದು ಪ್ರತಿಯನ್ನು ಹುಡುಕಿ ತಾಳೆ ನೋಡಬೇಕೆಂಬುದಷ್ಟೇ ಅರ್ಥ. ನಲವತ್ತು ವರ್ಷ ಈ ಕೆಲಸವನ್ನು ಮಾಡಿಯೂ ನಮ್ಮ ಸ್ವಂತ ಕಣ್ಣಿನ ಚೀಟಿಯನ್ನು ಹಾಗೆ ಓದಿಕೊಳ್ಳುವ ಬುದ್ಧಿ ನಮಗೆ ಹುಟ್ಟಲಿಲ್ಲ.

ವೈದ್ಯೆಯು ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ಹನಿ ಹಾಕಿಸಿದರು. ತುಸು ಉರಿ, ಬೆಳಕು ಕಣ್ಣಿಗೆ ಚುಚ್ಚುವಂತೆ, ಹತ್ತಿರದ ಅಕ್ಷರಗಳೆಲ್ಲ ಕಲಸಿದಂತೆ. ಇದು ನಾಲ್ಕಾರು ಗಂಟೆ ಇರುತ್ತದೆಯಾದ್ದರಿಂದ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುವುದು ಮೇಲು. ಅಂದು ವಾಹನ ನಡೆಸಬಾರದು. ಅಪರೂಪಕ್ಕೆ ಕೆಲವರಿಗೆ ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ ಬರುವುದುಂಟು. ಹಾಗಾದರೆ ಅಂದೇ ಆಸ್ಪತ್ರೆಗೆ ಮರಳಬೇಕು. ಎಡಗಣ್ಣಿನಲ್ಲಿ ಪೊರೆ ಬರಲು ಆರಂಭವಾಗಿತ್ತು. ಚಿತ್ರವನ್ನು ಮಸುಕಾಗಿಸಿದ್ದು ಅದು. ಅದರ ಹಿಂದೆ ಅಕ್ಷಿಪಟಲದಲ್ಲಿ ಮಧ್ಯಮ ಹಂತದ ಬದಲಾವಣೆಗಳಿದ್ದವು. ಬಲಗಣ್ಣಿನಲ್ಲಿ ಅಲ್ಪ ಪ್ರಮಾಣ. ಓ.ಸಿ.ಟಿ. ಎಂಬ ಇನ್ನೊಂದು ಯಂತ್ರದಲ್ಲಿ ಅಕ್ಷಿಪಟಲದ ಪದರಗಳನ್ನು ಸೀಳಿದಂತೆ ತೋರಿಸಿದರು. ಎಡಗಣ್ಣಿನ ಮ್ಯಾಕ್ಯುಲಾದ ಅಂಚಿನಲ್ಲಿ ಸ್ವಲ್ಪ ಊತ, ನಡುವಿಗೆ ಇನ್ನೂ ತಲಪಿಲ್ಲ.

“ಹಾಗಾದರೆ ಈಗ ಚಿಕಿತ್ಸೆ?” ಎಂದೆವು. “ಈಗ ಬೇಡ. ನಾಲ್ಕು ತಿಂಗಳಿಗೆ ಬನ್ನಿ, ನೋಡೋಣ” ಎಂದರು.

ನಿಜ ಹೇಳಬೇಕೆಂದರೆ ‘ಚಿತ್ರ ಸ್ಪಷ್ಟವಿಲ್ಲ’ ಎಂಬುದಕ್ಕಿಂತ ಈ ‘ನೋಡೋಣ’ ಎಂಬ ಮಾತು ನಮಗೆ ಭಾರವಾಯಿತು. ರೋಗವಿದೆಯೆನ್ನುತ್ತಾರೆ, ಮದ್ದು ಕೊಡುವುದಿಲ್ಲ! ಹಣಕ್ಕಾಗಿ ಅವಸರಪಡಿಸುವ ವೈದ್ಯರನ್ನು ಬೈಯುವ ನಾವು, ಅವಸರಪಡಿಸದ ವೈದ್ಯರನ್ನೂ ಮನಸ್ಸಿನಲ್ಲಿಯೇ ಬೈದೆವು. ಆಮೇಲೆ ಓದಿ ತಿಳಿಯಿತು. 2019ರಲ್ಲಿ ಪ್ರಕಟವಾದ, 702 ಮಂದಿ ಪಾಲ್ಗೊಂಡ ಒಂದು ಅಧ್ಯಯನವು, ಮ್ಯಾಕ್ಯುಲಾದ ನಡುವಿಗೇ ಊತ ತಲಪಿದ್ದರೂ ದೃಷ್ಟಿ ಇನ್ನೂ ಚೆನ್ನಾಗಿರುವವರನ್ನು ಮೂರು ಗುಂಪು ಮಾಡಿತು. ಕೆಲವರಿಗೆ ಕೂಡಲೆ ಇಂಜೆಕ್ಷನ್, ಕೆಲವರಿಗೆ ಲೇಸರ್, ಉಳಿದವರನ್ನು ಸುಮ್ಮನೆ ಗಮನಿಸುವುದು. ನೋಟ ಕುಗ್ಗಿದರೆ ಮಾತ್ರ ಲೇಸರ್ ಮತ್ತು ಗಮನಿಕೆಯ ಗುಂಪಿನವರಿಗೂ ಇಂಜೆಕ್ಷನ್. ಎರಡು ವರ್ಷಗಳ ಬಳಿಕ ದೃಷ್ಟಿ ಕಳೆದುಕೊಂಡವರ ಪ್ರಮಾಣವು ಮೂರು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾಯುವುದೂ ಚಿಕಿತ್ಸೆಯ ಒಂದು ಕ್ರಮವೇ. ಆದರೆ ಹೇಳಿದ ದಿನಕ್ಕೆ ಹೋಗುವವರಿಗೆ ಮಾತ್ರ.

ಭಯದಿಂದ ಜನರು ಮಾಡುವ ಇನ್ನೊಂದು ಕೆಲಸವನ್ನು ಇಲ್ಲಿಯೇ ಹೇಳಿಬಿಡಬೇಕು. ಕಣ್ಣಿನ ವಿಷಯ ಕೇಳಿದೊಡನೆ ಅನ್ನವನ್ನೆಲ್ಲ ತ್ಯಜಿಸಿ, ಮಾತ್ರೆಯನ್ನು ತಾವೇ ಹೆಚ್ಚಿಸಿಕೊಂಡು ಒಂದೇ ತಿಂಗಳಲ್ಲಿ ಸಕ್ಕರೆಯನ್ನು ನೆಲಕ್ಕಿಳಿಸಲು ಹೊರಡುವವರುಂಟು; ನಾವೂ ಹೊರಟಿದ್ದೆವು. ವೈದ್ಯೆಯು ತಡೆದರು. ಬಹುಕಾಲ ಏರಿದ್ದ ಸಕ್ಕರೆಯು ಥಟ್ಟನೆ ಇಳಿದರೆ ಅಕ್ಷಿಪಟಲದ ಸ್ಥಿತಿಯು ಮೊದಲಿಗೆ ತಾತ್ಕಾಲಿಕವಾಗಿ ಕೆಡಬಹುದಂತೆ. 1993ರ ಅಮೆರಿಕದ ದೊಡ್ಡ ಅಧ್ಯಯನದಲ್ಲಿಯೇ ಇದು ಕಂಡುಬಂದಿದೆ. ದೀರ್ಘಕಾಲದಲ್ಲಿ ಲಾಭವೇ ಹೆಚ್ಚು. ಆದರೆ ಇಳಿಕೆಯು ವೈದ್ಯರ ಕಣ್ಗಾವಲಿನಲ್ಲಿ ಆಗಬೇಕು. ರಕ್ತದೊತ್ತಡದ ಹತೋಟಿಯೂ ಅಷ್ಟೇ ಮುಖ್ಯ. ಬ್ರಿಟನ್ನಿನ 1998ರ ಅಧ್ಯಯನದಲ್ಲಿ ಒತ್ತಡವನ್ನು ಬಿಗಿಯಾಗಿ ಇಳಿಸಿಕೊಂಡವರಲ್ಲಿ ದೃಷ್ಟಿ ಕುಂದುವ ಅಪಾಯವು ನೂರಕ್ಕೆ 47ರಷ್ಟು ಕಡಿಮೆಯಾಗಿತ್ತು. ಉಪ್ಪಿನಕಾಯಿಯನ್ನು ಬಿಡಿಸಿದ ಮನೆಯವರ ಮೇಲಿನ ನಮ್ಮ ಮುನಿಸು ಅಂದಿಗೆ ಮುಗಿಯಿತು.

ನಮ್ಮ ಬಾಲ್ಯಮಿತ್ರರ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಆಸ್ಪತ್ರೆಯಿಂದ ಬಂದ ಮರುದಿನವೇ ಅವರ ಮನೆಗೆ ಹೋಗಿ, ನಿಮ್ಮ ಚೀಟಿಯ ಅರ್ಥವು ಹಾಗಲ್ಲ, ಹೀಗೆ ಎಂದು ವಿವರಿಸಿದೆವು. ಅವರು ದಿನಪತ್ರಿಕೆಯ ಸಣ್ಣಕ್ಷರವನ್ನು ಸರಾಗವಾಗಿ ಓದಿ ತೋರಿಸಿ, “ಪಂಡಿತರೆ, ನಿಮ್ಮ ಶಬ್ದಾರ್ಥ ನಿಮ್ಮ ಪುಸ್ತಕದಲ್ಲಿರಲಿ” ಎಂದು ನಕ್ಕರು. ಮಗಳ ಮದುವೆ ಮುಗಿಯಲಿ ಎಂದರು, ಬಿತ್ತನೆ ಮುಗಿಯಲಿ ಎಂದರು. ನಾವೂ ಮತ್ತೆ ಒತ್ತಾಯಿಸಲಿಲ್ಲ. ದೀಪಾವಳಿಯ ಅಮಾವಾಸ್ಯೆಯ ಬೆಳಿಗ್ಗೆ ಅವರ ಬಲಗಣ್ಣಿನ ಮುಂದೆ ಕರಿಯ ನೂಲುಗಳು ತೇಲತೊಡಗಿದವು. ಮಧ್ಯಾಹ್ನಕ್ಕೆ ಕೆಂಪು ಪರದೆಯನ್ನು ಇಳಿಬಿಟ್ಟಂತಾಯಿತು. ಹೊಸ ನಾಳಗಳು ಒಡೆದು ರಕ್ತ ತುಂಬಿತ್ತು. ಶಸ್ತ್ರಚಿಕಿತ್ಸೆಯಾಯಿತು. ಎಡಗಣ್ಣಿಗೆ ಲೇಸರ್ ಕೊಟ್ಟು ಉಳಿಸಿಕೊಂಡಿದ್ದಾರೆ. ಬಲಗಣ್ಣಿನಲ್ಲಿ ಈಗ ಬೆರಳೆಣಿಸುವಷ್ಟು ನೋಟವಿದೆ. ಇಂಥ ನೂಲು, ಪರದೆ, ಮಿಂಚು ಹಠಾತ್ತನೆ ಕಂಡರೆ ಮರುದಿನಕ್ಕೆ ಕಾಯಬಾರದು.

ಇಂಗ್ಲೆಂಡಿನಲ್ಲಿ 2003ರಿಂದ ನಡೆದುಬಂದ ವ್ಯವಸ್ಥೆಯೊಂದಿದೆ. ಹನ್ನೆರಡು ವರ್ಷ ದಾಟಿದ ಮಧುಮೇಹಿಗಳಿಗೆಲ್ಲ ಕಣ್ಣಿನ ಪರೀಕ್ಷೆಗೆ ಬರಬೇಕೆಂದು ಹೆಸರು ಹಿಡಿದು ಮನೆಗೇ ಪತ್ರ ಬರುತ್ತದೆ. ಫಲಿತಾಂಶವೂ ಪತ್ರದಲ್ಲಿಯೇ ಬರುತ್ತದೆ. ಚಿತ್ರ ಸ್ಪಷ್ಟವಾಗದಿದ್ದರೆ ದೀಪಯಂತ್ರದಲ್ಲಿ ನೇರವಾಗಿ ಕಣ್ಣು ನೋಡುವ ಇನ್ನೊಂದು ಪರೀಕ್ಷೆಗೆ ಅವರೇ ಕರೆಯುತ್ತಾರೆ. 2009-10ರ ಲೆಕ್ಕದಲ್ಲಿ, ದುಡಿಯುವ ವಯಸ್ಸಿನವರ ಅಂಧತ್ವಕ್ಕೆ ಮಧುಮೇಹವು ಅಲ್ಲಿ ಮೊದಲನೆಯ ಕಾರಣವಾಗಿ ಉಳಿದಿರಲಿಲ್ಲ. ಐದು ದಶಕಗಳಲ್ಲಿ ಮೊದಲ ಬಾರಿಗೆ. ಭಾರತದಲ್ಲಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಐವತ್ತು ದಾಟಿದವರನ್ನು ಕುರಿತು 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು ಮಧುಮೇಹಿಗಳಲ್ಲಿ ನೂರಕ್ಕೆ 16.9 ಮಂದಿಯ ಅಕ್ಷಿಪಟಲದಲ್ಲಿ ವಿಕಾರವನ್ನು ಕಂಡಿತು. ನಮ್ಮ ಮನೆಗಳಿಗೆ ಅಂಥ ಪತ್ರ ಬರುವುದಿಲ್ಲ. ಸಾಮಾನ್ಯ ಮಧುಮೇಹವಾದರೆ ಅದು ಪತ್ತೆಯಾದಾಗಲೇ ಒಮ್ಮೆ, ಅನಂತರ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ತೋರಿಸಬೇಕು. ಎಳೆಯ ವಯಸ್ಸಿನಲ್ಲಿ ಇನ್ಸುಲಿನ್ನಿನಿಂದಲೇ ಬದುಕುವ ಮಕ್ಕಳಿಗೆ ಐದು ವರ್ಷದೊಳಗೆ ಮೊದಲ ಪರೀಕ್ಷೆ. ಮೊದಲೇ ಮಧುಮೇಹವಿರುವ ಹೆಣ್ಣುಮಗಳು ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲಿಯೇ. ನೆನಪಿಡುವವರು ಮನೆಯಲ್ಲಿ ಯಾರಾದರೂ ಒಬ್ಬರು ಇರಬೇಕು. ಚೀಟಿ ಅಸ್ಪಷ್ಟವಾಗಿದ್ದರೆ ಯಾವ ಕಣ್ಣು, ಏತಕ್ಕೆ ಕಾಣಲಿಲ್ಲ, ಮುಂದೆ ಎಲ್ಲಿಗೆ, ಎಷ್ಟು ದಿನಗಳೊಳಗೆ ಎಂದು ಅಲ್ಲಿಯೇ ನಿಂತು ಕೇಳಬೇಕು. ಹಿಂದೆ ನೂರು ಜನರಿದ್ದರೂ ಕೇಳಬೇಕು.

ನಮ್ಮನ್ನು ಸಾಲಿಗೆ ನೂಕಿದ ಮನೆಯವರಿಗೂ ಆರು ವರ್ಷಗಳಿಂದ ಸಕ್ಕರೆಯಿದೆ. ಅವರ ಕಣ್ಣನ್ನು ಯಾರೂ ನೋಡಿರಲಿಲ್ಲ. ಅವರು ಹೇಳಲೂ ಇಲ್ಲ, ನಮಗೆ ಹೊಳೆಯಲೂ ಇಲ್ಲ. ವೈದ್ಯೆಯೇ “ಅಮ್ಮಾ, ನಿಮ್ಮದು?” ಎಂದು ಕೇಳಿ ಹನಿ ಹಾಕಿಸಿದರು. ಅವರ ಎರಡೂ ಚಿತ್ರಗಳು ಸ್ಪಷ್ಟವಾಗಿ ಬಂದವು. “ಏನೂ ಇಲ್ಲ” ಎಂದರು ವೈದ್ಯೆ, ‘ಕಾಣಲಿಲ್ಲ’ ಎನ್ನಲಿಲ್ಲ. ನಮ್ಮ ಎಡಗಣ್ಣಿನ ಊತವು ಎರಡನೆಯ ಭೇಟಿಯಲ್ಲಿ ಹಾಗೆಯೇ ಇತ್ತು, ಮೂರನೆಯದರಲ್ಲಿ ತುಸು ಇಳಿದಿತ್ತು. ಮುಂದಿನ ಪರೀಕ್ಷೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿ ಕೆಂಪು ಮಸಿಯಿಂದ ಗುರುತಿಸಿದ್ದೇವೆ. ಅಂದು ಮಿತ್ರರ ಎಡಗಣ್ಣಿನದೂ ಇದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುವುದೆಂದಾಗಿದೆ.